ಅಡಕತ್ತರಿ ಹಿಡಿದ ಹೌಸಾ ಮಾವಶಿ

ನವಿ ಮುಂಬಯಿಯ ತುರ್ಭೆಯ ಈರುಳ್ಳಿ ಮಾರುಕಟ್ಟೆಯಲ್ಲಿ ನಾಶಿಕದ ಲಾರಿಗಳ ಹಗ್ಗ ಬಿಚ್ಚುವ ಮೊದಲೇ ಹೌಸಾಬಾಯಿ ಶೆಡಗೆ ಅವರ ಖಾನಾವಳಿಯಲ್ಲಿ ಹಂಚು ಕಾದಿರುತ್ತದೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಒಳಗೆ ಗೋಡೆಗುಂಟ ಹಮಾಲರ ಟ್ರಂಕುಗಳು, ಅವುಗಳ ಮುಂದೆ ಸಾಲಾಗಿ ತಟ್ಟೆಗಳು. ಹೌಸಾಬಾಯಿ ಕೈಗೆ ಮೆತ್ತಿದ ಜೋಳದ ಹಿಟ್ಟು ತೊಳೆದು, ಸೆರಗಿಗೆ ಒರೆಸಿಕೊಂಡು, ವಿಠೋಬನ ಪಟದ ಕೆಳಗಿನ ಹಲಗೆಯಿಂದ ಒಂದು ಪುಟ್ಟ ತಗಡಿನ ಡಬ್ಬಿ ಇಳಿಸುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ ಎಲೆಚಂಚಿಯಿಂದ ಹಿತ್ತಾಳೆಯ ಅಡಕತ್ತರಿ ಹೊರಬರುತ್ತದೆ.

ಚಂಚಿಯಲ್ಲಿ ಎಲೆಯಿಲ್ಲ, ಅಡಿಕೆಯೂ ಇಲ್ಲ. ಡಬ್ಬಿಯಿಂದ ತೆಗೆದ ಬಿಳಿ ಮಾತ್ರೆಯನ್ನು ಅವರು ಅಡಕತ್ತರಿಯ ಬಾಯಿಗಿಟ್ಟು, ಹೆಬ್ಬೆರಳಿನಿಂದ ಅಲುಗದಂತೆ ಹಿಡಿದು ಒತ್ತುತ್ತಾರೆ. ಟಿಕ್ ಎಂದು ಎರಡು ಹೋಳು. ಒಂದು ಹೋಳನ್ನು ಮತ್ತೆ ಇಟ್ಟು ಒತ್ತಿದರೆ ಕಾಲು ಮಾತ್ರೆ. ಉಳಿದ ಮುಕ್ಕಾಲು ಡಬ್ಬಿಗೆ, ಡಬ್ಬಿ ಹಲಗೆಗೆ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ ಬಬನ್ ಸಪಕಾಳ ಅಂಗೈ ಚಾಚುತ್ತಾರೆ. ಕತ್ತಿನಲ್ಲಿ ತುಳಸಿ ಮಾಲೆ, ಬೆನ್ನಿಗೆ ಬಿಗಿದ ಅಗಲದ ಪಟ್ಟಿ, ವಯಸ್ಸು ನಲವತ್ತರ ಒಳಗೆ.

"ಬಬ್ಯಾ, ಇವತ್ತ ಎಲ್ಲಿ ಮುಕ್ಕಾಮೋ?" ಎಂದು ಬಾಗಿಲ ಬಳಿಯಿಂದ ಯಾರೋ ಕೂಗುತ್ತಾರೆ.

"ವಾಖರಿ."

"ಹಂಗಾರ ಕಳಸ ಕಾಣಾಕತ್ತಿರಬೇಕಲ್ಲ!"

"ಕಳಸ ಕಾಣತೈತಿ, ಹೊಟ್ಟಿನೂ ಹಸದೈತಿ. ಮೊದಲ ಭಾಕರಿ ಹಾಕ ಮಾವಶಿ."

ತಟ್ಟೆಗಳ ಸಾಲಿನಲ್ಲಿ ನಗು ಹರಿಯುತ್ತದೆ. ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ, ಆದ ಹೌಸಾಬಾಯಿ ಮಾತ್ರ ನಗುವುದಿಲ್ಲ. ಬಬನ್ ಮಾತ್ರೆ ನುಂಗಿ ನೀರು ಕುಡಿದು ಬಾಯಿ ತೆರೆದು ತೋರಿಸುವವರೆಗೆ ಅವರ ಕಣ್ಣು ಅಲ್ಲಿಂದ ಕದಲುವುದಿಲ್ಲ. ಆಮೇಲೆ ಹಂಚಿನ ಮೇಲಿನ ಭಾಕರಿ ತಿರುವಿ ಹಾಕುತ್ತಾರೆ.

ಆಳಂದಿಯಿಂದ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ವಾರಿಯಲ್ಲಿ ವಾಖರಿ ಕೊನೆಯ ತಂಗುದಾಣ. ಬಬನ್ ಎಲ್ಲಿಗೂ ನಡೆದಿಲ್ಲ. ಕಳೆದ ಮಳೆಗಾಲದಿಂದ ಈ ಖಾನಾವಳಿಯ ಗೋಡೆಗೆ ಒರಗಿಯೇ ಅವರು ಪುಣೆ ದಾಟಿದ್ದಾರೆ, ದಿವೇ ಘಾಟ್ ಹತ್ತಿದ್ದಾರೆ, ಜೇಜುರಿ, ಲೋಣಂದ, ಫಲಟಣ ಮುಟ್ಟಿದ್ದಾರೆ. ಒಂದೊಂದು ಊರೂ ಕಡಿಮೆಯಾದ ಒಂದೊಂದು ತುಣುಕು ಮಾತ್ರೆ.

ಹೌಸಾಬಾಯಿಗೆ ಈಗ ಐವತ್ತೆಂಟು. ಸಾತಾರಾ ಜಿಲ್ಲೆಯ ಪಾಟಣ ತಾಲ್ಲೂಕಿನ ಕೊಯ್ನಾ ಕಣಿವೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಧೋಂಡಿರಾಮ ಇದೇ ಮಾರುಕಟ್ಟೆಯ ಹಮಾಲ. ಮೂರು ಹೊತ್ತು ಮೂವತ್ತೆಂಟು ಜನರಿಗೆ ಅನ್ನ ಹಾಕುವ ಈ ಖಾನಾವಳಿ ಶುರುವಾದದ್ದು ಆ ಗಂಡ ತೀರಿಕೊಂಡ ಮೇಲೆ. ಅದಕ್ಕೆ ಬಂಡವಾಳ ಹಾಕಿದವರು ಯಾರೆಂದು ಕೇಳಿದರೆ ಅವರು ತಟ್ಟೆಗಳ ಸಾಲಿನ ಕಡೆ ಕೈ ತೋರಿಸುತ್ತಾರೆ.

"ಇವರ ಟೋಳಿ. ನಮ್ಮವರು ಹೋದ ಮ್ಯಾಲೆ ಒಂದು ವರ್ಷ ಅವರ ವಾಟಾ ನಿಲ್ಲಸಲಿಲ್ಲ. ಸತ್ತ ಮನಿಶಾನ ಪಾಲನ್ನ ಜೀವಂತ ಇದ್ದವರು ಹೊತ್ತು ಗಳಿಸಿ ತಂದು ಕೊಟ್ರು. ಈ ಹಂಚು, ಈ ಪರಾತ, ಎಲ್ಲಾ ಅದರಾಗ ಬಂದದ್ದು. ನಾ ಇವರಿಗೆ ಊಟ ಹಾಕತೀನಿ ಅಂತ ಜನ ಅಂತಾರ. ಇವರು ನನಗ ಮೊದಲ ಹಾಕ್ಯಾರ."

ವಾಟಾ ಎಂದರೆ ಪಾಲು. ಹಮಾಲರ ಟೋಳಿಯಲ್ಲಿ ಅದು ಎಲ್ಲಕ್ಕಿಂತ ದೊಡ್ಡ ಕಾನೂನು. ಹತ್ತು ಹದಿನೈದು ಜನ ಒಟ್ಟಾಗಿ ಲಾರಿ ಇಳಿಸುತ್ತಾರೆ. ಬಂದ ಕೂಲಿಯನ್ನು ಟೋಳಿಯ ಮುಖ್ಯಸ್ಥನಾದ ಮುಕಾದಮ ಸಮನಾಗಿ ಹಂಚುತ್ತಾನೆ. ಹೆಚ್ಚು ಹೊತ್ತವನಿಗೆ ಹೆಚ್ಚಿಲ್ಲ, ಬೆನ್ನು ಹಿಡಿದವನಿಗೆ ಕಡಿಮೆಯಿಲ್ಲ. ಈ ಧರ್ಮದ ಇನ್ನೊಂದು ಮುಖವೂ ಇದೆ. ಒಬ್ಬ ಮಲಗಿದರೆ ಅವನ ಮೂಟೆ ಉಳಿದವರ ಬೆನ್ನೇರುತ್ತದೆ. ಆ ನಾಚಿಕೆಗೆ ಯಾರೂ ಮಲಗುವುದಿಲ್ಲ.

ಸ್ನಾಯು ಸಡಿಲಿಸುವ ಮಾತ್ರೆ ಖಾನಾವಳಿಯ ಒಳಗೆ ಬಂದದ್ದೂ ಇದೇ ಧರ್ಮದ ಬೆನ್ನೇರಿ. ಮೂರು ವರ್ಷದ ಹಿಂದೆ ಟೋಳಿಯ ಒಬ್ಬರಿಗೆ ಸೊಂಟ ಹಿಡಿದಿತ್ತು. ವೈದ್ಯರು ಹತ್ತು ದಿನದ ಮಟ್ಟಿಗೆ ಮಾತ್ರೆ ಬರೆದುಕೊಟ್ಟರು. ಮೊದಲ ದಿನವೇ ಬೆನ್ನು ಹತ್ತಿಯಂತಾಯಿತು, ರಾತ್ರಿ ನಿದ್ದೆ ಬಂತು. ತಂಬಾಕಿನ ಡಬ್ಬಿ ತಿರುಗುವ ಹಾಗೆ ಮಾತ್ರೆಯ ಪಟ್ಟಿಯೂ ಸಾಲಿನಲ್ಲಿ ತಿರುಗಿತು. ಒಬ್ಬನಿಗೆ ಬರೆದದ್ದನ್ನು ಹನ್ನೆರಡು ಜನ ಹಂಚಿಕೊಂಡರು. ಮುಗಿದಾಗ ಮಾರುಕಟ್ಟೆಯ ಹಿಂದಿನ ಒಂದು ಔಷಧ ಅಂಗಡಿಯಲ್ಲಿ ಅದೇ ಹಳೇ ಚೀಟಿ ತೋರಿಸಿ ತಂದರು; ಕೊನೆಗೆ ಚೀಟಿಯನ್ನೂ ಕೇಳುವವರಿರಲಿಲ್ಲ. 'ಸಡಿಲ ಗುಳಿಗಿ' ಎಂದರೆ ಸಾಕಿತ್ತು.

"ನಾವು ಕಳ್ಳತನದಿಂದ ತಿನ್ನಲಿಲ್ಲರೀ," ಎನ್ನುತ್ತಾರೆ ಟೋಳಿಯ ಮುಕಾದಮ ರಾಮಚಂದ್ರ ಭಿಲಾರೆ. "ದಾರೂ ಆದ್ರ ಮುಚ್ಚಿಡತಿದ್ವಿ. ಇದು ಔಷಧ, ಡಾಕ್ಟರ್ ಬರದದ್ದು. ಮಾವಶಿ ಮುಂದನ ಚಹಾದ ಜೋಡಿ ನುಂಗತಿದ್ವಿ."

ಹೆಚ್ಚಿನವರು ಒಂದೆರಡು ತಿಂಗಳಲ್ಲಿ ಬಿಟ್ಟರು. ಬಿಡಲಾಗದವರಲ್ಲಿ ಬಬನ್ ಒಬ್ಬರು. ಅವರ ಬೆನ್ನಿನ ಕೆಳಗೆ ನಿಜವಾದ ಪೆಟ್ಟಿತ್ತು. ಬೆಳಿಗ್ಗೆ ಒಂದು ಸಾಕಾಗುತ್ತಿದ್ದದ್ದು ಮಧ್ಯಾಹ್ನಕ್ಕೂ ಬೇಕಾಯಿತು, ಆಮೇಲೆ ನೋವಿಲ್ಲದಿದ್ದರೂ ಬೇಕಾಯಿತು. ತಗೊಳ್ಳದ ದಿನ ಎದೆ ಡವಗುಟ್ಟುತ್ತಿತ್ತು, ಕಣ್ಣು ಮುಚ್ಚುತ್ತಿರಲಿಲ್ಲ. ತಗೊಂಡ ದಿನ ನಾಲಗೆ ದಪ್ಪವಾಗಿ ಮಾತು ತೊದಲುತ್ತಿತ್ತು. ಹಲಗೆಯ ಮೇಲೆ ಮೂಟೆ ಹೊತ್ತು ನಡೆಯುವಾಗ ಎರಡು ಸಲ ಹೆಜ್ಜೆ ತಪ್ಪಿತು. ಊರಿನಲ್ಲಿರುವ ಹೆಂಡತಿ ಸುನಂದಾ ಫೋನಿನಲ್ಲಿ "ಕುಡದೀರೇನು?" ಎಂದು ಕೇಳಿದಾಗ "ವಿಠೋಬನ ಆಣಿ, ಇಲ್ಲ" ಎಂದರು. ಅದು ಸುಳ್ಳಾಗಿರಲಿಲ್ಲ.

ಸುಳ್ಳಾದದ್ದು ಕಳೆದ ವರ್ಷದ ಬೇಸಿಗೆಯ ಒಂದು ಭಾನುವಾರ. ಮಾರುಕಟ್ಟೆಗೆ ರಜೆ, ಖಾನಾವಳಿಯಲ್ಲಿ ಮಟನ್. ಗೆಳೆಯರ ಜೊತೆ ಕುಡಿದು ಬಂದ ಬಬನ್ ಊಟಕ್ಕೆ ಮುಂಚೆ ಬೆನ್ನು ಹಿಡಿದುಕೊಂಡು ಮಾತ್ರೆ ನುಂಗಿದರು. ಎಷ್ಟು ನುಂಗಿದರೆಂಬುದು ಅವರಿಗೂ ನೆನಪಿಲ್ಲ. ಎರಡು ತುತ್ತು ತಿಂದು ಟ್ರಂಕಿಗೆ ತಲೆ ಕೊಟ್ಟು ಮಲಗಿದವರು ಗೊರಕೆ ಹೊಡೆಯತೊಡಗಿದರು.

"ನಾಶಿಕಕ್ಕ ಹೊಂಟ ಲಾರಿ ಕಸಾರಾ ಘಾಟ್ ಹತ್ತಾಕತ್ತೈತಿ ನೋಡ್ರೋ!" ಎಂದ ಗುಲಾಬ್ ಸಾಳುಂಖೆ. ಟೋಳಿಯ ಬಾಯಾಳಿ ಅವನು; ಊಟದ ಸಾಲಿನಲ್ಲಿ ಅವನಿದ್ದರೆ ಉಪ್ಪಿನಕಾಯಿ ಬೇಡ ಎಂಬ ಮಾತಿದೆ. ಎಲ್ಲರೂ ನಕ್ಕರು.

ಪಾತ್ರೆ ತಿಕ್ಕುತ್ತಿದ್ದ ಹೌಸಾಬಾಯಿಯ ಕೈ ನಿಂತಿತು. ಆ ಗೊರಕೆ ಅವರಿಗೆ ಗುರುತಿತ್ತು. ಬುರುಬುರು ಎಂದು ಗಂಟಲ ಆಳದಿಂದ ಬಂದು, ಥಟ್ಟನೆ ನಿಂತು, ಉಸಿರೇ ಇಲ್ಲವೇನೋ ಎನ್ನುವಷ್ಟು ಹೊತ್ತು ಬಿಟ್ಟು, ಮತ್ತೆ ಎಳೆದುಕೊಳ್ಳುವ ಗೊರಕೆ. ಹಲವು ವರ್ಷಗಳ ಹಿಂದೆ, ಇಂಥದೇ ಒಂದು ರಜೆಯ ಮಧ್ಯಾಹ್ನ, ಧೋಂಡಿರಾಮ ಬೆನ್ನುನೋವಿನ ಯಾವುದೋ ಮಾತ್ರೆ ನುಂಗಿ, ಕುಡಿದು ಮಲಗಿದ್ದರು. ದಣಿದ ಮನುಷ್ಯ, ಒಳ್ಳೆಯ ನಿದ್ದೆ ಹತ್ತಿದೆ ಎಂದು ಹೌಸಾಬಾಯಿ ಮಕ್ಕಳನ್ನು ಹೊರಗೆ ಆಡಲು ಕಳಿಸಿ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದರು. ಸಂಜೆ ಚಹಾ ಮಾಡಿ ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು. ಎದೆ ನಿಂತಿತು ಎಂದರು ಜನ. ಆ ಸಾವಿಗೂ ಮಾತ್ರೆಗೂ ಸಂಬಂಧವಿತ್ತೆಂದು ಹೇಳಲು ಇವತ್ತು ಯಾವ ಆಧಾರವೂ ಇಲ್ಲ. ಹೌಸಾಬಾಯಿ ಹಾಗೆಂದು ಹೇಳುವುದೂ ಇಲ್ಲ. "ಆದ್ರ ಆ ಸಪ್ಪಳ ಕಿವ್ಯಾಗ ಉಳದಿತ್ತು," ಎನ್ನುತ್ತಾರೆ ಅಷ್ಟೆ.

ಬೂದಿಗೈಯಲ್ಲೇ ಓಡಿಬಂದು ಬಬನ್ ಕೆನ್ನೆಗೆ ಬಾರಿಸಿದರು. ಕಣ್ಣು ಬಿಡಲಿಲ್ಲ. ಮುಖಕ್ಕೆ ಬಿಂದಿಗೆ ನೀರು ಸುರಿದರೂ ಇಲ್ಲ. ತುಟಿ ನೇರಳೆಗೆ ತಿರುಗುತ್ತಿತ್ತು.

"ಮಲಗಲಿ ಬಿಡ ಮಾವಶಿ, ನಿಶೆ ಇಳದ ಮ್ಯಾಲೆ ತಾನ ಏಳತಾನ," ಎಂದ ಗುಲಾಬ್.

"ಇದು ನಿದ್ದಿ ಅಲ್ಲೋ ಮೂಳ! ಹಾತಗಾಡಿ ತಗೊಂಡ ಬಾ!"

ಬಬನ್ ವಾಂತಿ ಮಾಡಿಕೊಳ್ಳುವಷ್ಟರಲ್ಲಿ ಹೌಸಾಬಾಯಿ ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿದ್ದರು. ಈರುಳ್ಳಿ ಹೇರುವ ಕೈಗಾಡಿಯ ಮೇಲೆ ಹಾಗೇ ಮಗ್ಗುಲಾಗಿ ಮಲಗಿಸಿ ಆರು ಜನ ಆಸ್ಪತ್ರೆಗೆ ಓಡಿದರು. ರಜೆಯ ದಿನವಾದ್ದರಿಂದ ದಾರಿ ಖಾಲಿಯಿತ್ತು. ಎಲ್ಲರಿಗಿಂತ ಮುಂದೆ ಗಾಡಿ ಎಳೆದವನು ಗುಲಾಬ್. ನುಂಗಿದ ಮಾತ್ರೆಯ ಖಾಲಿ ಪಟ್ಟಿಯನ್ನು ಹೌಸಾಬಾಯಿ ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ಅದನ್ನು ನೋಡಿದ ಮೇಲೆ ಚಿಕಿತ್ಸೆಯ ದಾರಿ ಬೇಗ ಸಿಕ್ಕಿತು ಎಂದು ಅಂದು ಕೆಲಸದಲ್ಲಿದ್ದ ಡಾ. ಶಬಾನಾ ಮುಜಾವರ ನೆನೆಸಿಕೊಳ್ಳುತ್ತಾರೆ.

"ಈ ಮಾತ್ರೆ ಕೆಟ್ಟದ್ದಲ್ಲ," ಎಂದು ಅವರು ಬಿಡಿಸಿ ಹೇಳುತ್ತಾರೆ. "ಸ್ನಾಯು ಹಿಡಿದಾಗ ಎರಡು ಮೂರು ವಾರ, ಅದೂ ವೈದ್ಯರು ಹೇಳಿದಷ್ಟು, ತಗೊಳ್ಳೋಕೆ ಇರೋದು. ಇದು ಬರೀ ಬೆನ್ನಿನ ಮೇಲೆ ಕೆಲಸ ಮಾಡಲ್ಲ, ಮಿದುಳನ್ನೂ ಮಂಕು ಮಾಡುತ್ತೆ. ತಿಂಗಳುಗಟ್ಟಲೆ ತಗೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತೆ, ಇಲ್ಲದೆ ಇರಲಾರೆ ಅನ್ನುತ್ತೆ. ಜಾಸ್ತಿ ಆದರೆ ಉಸಿರು ನಿಧಾನ ಆಗುತ್ತೆ. ಅದರ ಮೇಲೆ ಕುಡಿದರೆ, ಇಲ್ಲಾ ನಿದ್ದೆ ಬರೋ ಇನ್ನೊಂದು ಮಾತ್ರೆ, ಕೆಲವು ಗಟ್ಟಿ ನೋವಿನ ಮಾತ್ರೆ ಸೇರಿದರೆ ನಿಂತೇ ಹೋಗಬಹುದು. ಹೊರಗಿನಿಂದ ನೋಡಿದವರಿಗೆ ಮಲಗಿದ ಹಾಗೇ ಕಾಣುತ್ತೆ. ಎಬ್ಬಿಸಿದರೂ ಏಳದಿದ್ದರೆ ಮಲಗಲಿ ಅಂತ ಬಿಡಬಾರದು. ಅವತ್ತು ಮಾವಶಿ ಬಿಡಲಿಲ್ಲ."

ಬಬನ್ ಉಳಿದರು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ನಡೆದ ತಪ್ಪು ಒಳ್ಳೆಯ ಮನಸ್ಸಿನಿಂದಲೇ ನಡೆದದ್ದು.

ಆಸ್ಪತ್ರೆಯಿಂದ ಕಳಿಸುವಾಗ ವೈದ್ಯೆ ಹೇಳಿದ್ದು ಎರಡು ಮಾತು. ಈ ಮಾತ್ರೆ ಬಿಡಬೇಕು. ಆದರೆ ಒಮ್ಮೆಲೇ ಬಿಡಬಾರದು, ಎರಡು ದಿನ ಬಿಟ್ಟು ಬನ್ನಿ, ಹೇಗೆ ಇಳಿಸಬೇಕೆಂದು ಹೇಳುತ್ತೇನೆ. ಟೋಳಿಯ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಮುಕಾದಮ ಭಿಲಾರೆ ಸ್ವತಃ ಮಾಳಕರಿ, ಅಂದರೆ ಮಾಲೆ ಧರಿಸಿ ಚಟ ತೊರೆದ ವಿಠ್ಠಲಭಕ್ತ. ಯೌವನದಲ್ಲಿ ಮನೆಮಠ ಮರೆತು ಕುಡಿಯುತ್ತಿದ್ದವರು ಒಂದು ಏಕಾದಶಿ ಕತ್ತಿಗೆ ತುಳಸಿ ಮಾಲೆ ಹಾಕಿಕೊಂಡು ಆ ದಿನವೇ ಬಾಟಲಿ ಬಿಟ್ಟವರು. ಸಾತಾರಾ ಕಡೆಯ ಎಷ್ಟೋ ಸಂಸಾರಗಳು ಉಳಿದದ್ದು ಆ ಮಾಲೆಯಿಂದ. ಅವರು ಬಬನ್‌ರನ್ನೂ ವಿಠ್ಠಲ ಮಂದಿರಕ್ಕೆ ಕರೆದೊಯ್ದು ಮಾಲೆ ಹಾಕಿಸಿದರು. ಟ್ರಂಕಿನಲ್ಲಿದ್ದ ಮಾತ್ರೆಯ ಪಟ್ಟಿಗಳನ್ನೆಲ್ಲ ಗಟಾರಕ್ಕೆ ಎಸೆದರು. ಆ ದಿನ ಖಾನಾವಳಿಯಲ್ಲಿ ಹೌಸಾಬಾಯಿ ಶಿರಾ ಮಾಡಿದ್ದರು.

ಮರುದಿನದಿಂದ ಬಬನ್‌ಗೆ ನಿದ್ದೆಯಿಲ್ಲ. ಕೈ ಕುದಿಯುವ ಪಾತ್ರೆಯ ಮುಚ್ಚಳದಂತೆ ಅದುರುತ್ತಿತ್ತು. "ಚಟ ಬಿಡುವಾಗ ಮೈ ಹಂಗ ಕುಣೀತದ. ಗಟ್ಟಿ ಹಿಡಿ," ಎಂದರು ಮುಕಾದಮ. ಮಾಲೆ ಹಾಕಿದ ಮೂರನೆಯ ಬೆಳಿಗ್ಗೆ ಬಬನ್ ತಟ್ಟೆಯ ಮುಂದೆ ಕೂತು, "ಮಾವಶಿ, ಭಾಕರಿ ತುಂಬ ಇರುವಿ," ಎಂದರು. ತಟ್ಟೆಯಲ್ಲಿ ಒಂದೂ ಇರುವೆ ಇರಲಿಲ್ಲ. ಕೈಯಲ್ಲಿ ತುತ್ತು ಹಿಡಿದಂತೆಯೇ ಕಣ್ಣು ಮೇಲೆ ಸಿಕ್ಕಿ, ಹಲ್ಲು ಕಚ್ಚಿ, ಮೈಯೆಲ್ಲ ಸೆಟೆದು ಫಿಟ್ಸ್ ಬಂದು ಉರುಳಿದರು. ಮತ್ತೆ ಕೈಗಾಡಿ, ಮತ್ತೆ ಅದೇ ಆಸ್ಪತ್ರೆ.

ವೈದ್ಯೆ ಬೈಯಲಿಲ್ಲ. ಮುಕಾದಮರ ಪಕ್ಕ ಬೆಂಚಿನ ಮೇಲೆ ಕೂತು, ಒಗ್ಗಿಹೋದ ದೇಹದಿಂದ ಈ ಮಾತ್ರೆಯನ್ನು ಒಮ್ಮೆಲೇ ಕಿತ್ತುಕೊಂಡರೆ ಹೀಗೇ ಆಗುತ್ತದೆ, ಇದರಿಂದಲೂ ಸಾಯಬಹುದು ಎಂದು ತಿಳಿಸಿದರು. ದಿನವೂ ಬಹಳ ಕುಡಿಯುವವರು ಕೂಡ ವೈದ್ಯರನ್ನು ಕೇಳದೆ ಹಠಾತ್ತನೆ ನಿಲ್ಲಿಸಬಾರದು, ನೀವು ಪಾರಾದದ್ದು ನಿಮ್ಮ ಪುಣ್ಯ ಎಂದರು. ಎತ್ತರದ ಮೈಕಟ್ಟಿನ ಭಿಲಾರೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ಹೇಳಿದರು:

"ಅಂದ್ರ ಇದು ಮಾಲಿ ಹಾಕೋ ಕೆಲಸ ಅಲ್ಲ ಬಾಯಿ. ವಾರಿ ನಡಿಯೋ ಕೆಲಸ. ಮುಕ್ಕಾಮ್ ಮುಕ್ಕಾಮ್ ಮಾಡಿ ಹೋಗಬೇಕು."

"ಅಷ್ಟೇ," ಎಂದರು ಡಾ. ಮುಜಾವರ. "ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ."

ದಾರಿ ಗೊತ್ತಾಯಿತು. ಆದರೆ ಮಾತ್ರೆ ಯಾರ ಕೈಯಲ್ಲಿರಬೇಕು? ಬಬನ್ ಕೈಯಲ್ಲಿದ್ದರೆ ವಾರದ್ದು ಒಂದು ದಿನಕ್ಕೆ ಮುಗಿಯುತ್ತದೆ. ಮನೆಯವರು ಯಾರಿದ್ದೀರಿ ಎಂದು ವೈದ್ಯೆ ಕೇಳಿದಾಗ ಗಾಡಿ ಎಳೆದು ತಂದ ಆರೂ ಜನ ಹೌಸಾಬಾಯಿಯ ಕಡೆ ತಿರುಗಿದರು. ಟ್ರಂಕಿನ ಕೀಲಿ, ಮದುವೆಯ ಉಂಗುರ, ಮಗಳಿಗೆಂದು ಕೊಂಡ ಬೆಳ್ಳಿ ಗೆಜ್ಜೆ ಎಲ್ಲವನ್ನೂ ಹಮಾಲರು ಮಾವಶಿಯ ಬಳಿ ಠೇವಣಿ ಇಡುವುದು ಇಲ್ಲಿ ಹಳೆಯ ಪದ್ಧತಿ. ಅದರ ಜೊತೆ ಮಾತ್ರೆಯೂ ಠೇವಣಿಯಾಯಿತು.

ಅಂದಿನಿಂದ ವೈದ್ಯೆ ಪ್ರತಿ ಸಲ ಬಬನ್‌ರನ್ನು ಪರೀಕ್ಷಿಸಿ ಎಷ್ಟು ಇಳಿಸಬೇಕೆಂದು ಹೇಳುತ್ತಾರೆ. ಹೌಸಾಬಾಯಿ ಅಷ್ಟನ್ನೇ ಕೊಡುತ್ತಾರೆ. ಕೆಲವು ಮಾತ್ರೆಗಳನ್ನು ಮುರಿಯಲೇಬಾರದು, ಇದನ್ನು ಮುರಿಯಬಹುದು ಎಂದು ವೈದ್ಯೆ ಮೊದಲೇ ತಿಳಿಸಿದ್ದಾರೆ. ಅತ್ತೆಯಿಂದ ಬಂದ ಅಡಕತ್ತರಿಯನ್ನು ಬಿಸಿನೀರಲ್ಲಿ ತೊಳೆಸಿ, ಒಂದು ಮಾತ್ರೆ ತುಂಡು ಮಾಡಿಸಿ ನೋಡಿದ್ದಾರೆ.

"ಎಷ್ಟ ಕೊಡಬೇಕು ಅನ್ನೋದು ನನ್ನ ಕೆಲಸ ಅಲ್ಲ," ಎಂದು ಹೌಸಾಬಾಯಿ ಒತ್ತಿ ಹೇಳುತ್ತಾರೆ. "ಅದು ಡಾಕ್ಟರ್ ಬಾಯಿದು. ನಂದು ಕತ್ತರಸೋದು, ಕೊಡೋದು, ಕಾಯೋದು. ಬ್ಯಾರೆ ಖಾನಾವಳಿಯವರು ಬಂದು 'ನಮ್ಮ ಹುಡುಗರಿಗೂ ಹಿಂಗ ಕತ್ತರಿಸಿ ಕೊಡು' ಅಂತಾರ. ಮೊದಲ ಆಸ್ಪತ್ರಿಗೆ ಹೋಗ್ರಿ ಅಂತ ಅಟ್ಟತೀನಿ."

ಮೊದಲ ತೊಡಕು ಮಾಲೆಯಿಂದಲೇ ಬಂತು. ವಿಠೋಬನ ಮುಂದೆ ಬಿಟ್ಟೆನೆಂದು ಹೇಳಿದ ಮಾತ್ರೆಯನ್ನು ಮತ್ತೆ ನುಂಗುವುದು ಹೇಗೆ? ಫಿಟ್ಸ್ ಬಂದದ್ದೇ ದೇವರ ಶಿಕ್ಷೆ ಎಂದು ಬಬನ್ ನಂಬಿದ್ದರು. ಮೊದಲ ಬೆಳಿಗ್ಗೆ ಹೌಸಾಬಾಯಿ ಕೊಟ್ಟ ತುಣುಕನ್ನು ಕೆನ್ನೆಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳಿದರು. ಮೋರಿಯ ಬಳಿ ಅದನ್ನು ಕಂಡ ಹೌಸಾಬಾಯಿ ಅವರ ರಟ್ಟೆ ಹಿಡಿದು ಒಳಗೆ ಎಳೆತಂದು ಪಟದ ಮುಂದೆ ನಿಲ್ಲಿಸಿದರು.

"ನೋಡಿಲ್ಲಿ. ಇವ ಎಷ್ಟ ಯುಗದಿಂದ ನಿಂತಾನ ಇಟ್ಟಂಗಿ ಮ್ಯಾಲೆ?"

"ನನಗೇನ ಗೊತ್ತು ಮಾವಶಿ. ಭಾಳ ಯುಗ."

"ಸೊಂಟದ ಮ್ಯಾಲೆ ಕೈ ಇಟ್ಟಕೊಂಡು ಸುಮ್ಮ ನಿಂತಾನಲ್ಲ, ಏನರ ಅವಸರ ಮಾಡ್ಯಾನೇನು? ನೀ ಬರತಿ ಅಂತ ಗೊತ್ತೈತಿ ಅವಗ. ನಿನಗ್ಯಾಕ ಗಡಬಡಿ? ನುಂಗು."

ಬಬನ್ ನುಂಗಿದರು. ಬಾಯಿ ತೆರೆದು ತೋರಿಸುವ ರೂಢಿ ಶುರುವಾದದ್ದು ಆ ಬೆಳಿಗ್ಗೆಯಿಂದ.

ವಾರಿಯಲ್ಲಿ ದಿವೇ ಘಾಟ್‌ನ ಏರು ಎಲ್ಲರ ಉಸಿರು ಕಟ್ಟಿಸುವಂತೆ ಬಬನ್‌ಗೂ ಮೊದಲ ಇಳಿಕೆಯೇ ಕಷ್ಟವಾಯಿತು. ಬೆವರು, ವಾಕರಿಕೆ, ಸಣ್ಣ ಸಪ್ಪಳಕ್ಕೂ ಬೆಚ್ಚುವುದು. ವೈದ್ಯೆ ಆ ಮುಕ್ಕಾಮಿನಲ್ಲಿ ಇನ್ನೂ ಕೆಲವು ದಿನ ತಂಗಲು ಹೇಳಿದರು. ವೈದ್ಯೆ ಒಪ್ಪುವವರೆಗೆ ಮೂಟೆ ಹೊರುವಂತಿಲ್ಲ. ಟೋಳಿ ಕೂತು ತೀರ್ಮಾನಿಸಿತು: ಬಬನ್ ಹರಿದ ಗೋಣಿ ಹೊಲಿಯಲಿ, ಉದುರಿದ ಈರುಳ್ಳಿ ಆರಿಸಲಿ, ವಾಟಾ ಪೂರ್ತಿ. ದಬ್ಬಣ ಹಿಡಿದು ಕೂತ ಬಬನ್‌ರನ್ನು ದಾಟಿಕೊಂಡು ಹನ್ನೊಂದು ಜನ ಅವರ ಮೂಟೆಯನ್ನೂ ಹೊತ್ತರು.

ಎಲ್ಲರೂ ನಗುನಗುತ್ತ ಹೊತ್ತರು ಎಂದರೆ ಸುಳ್ಳು. "ನನಗೂ ಒಂದು ಫಿಟ್ಸ್ ಬರಲಿ ದೇವರ, ನಾನೂ ಕುಂತ ಹೊಲೀತೀನಿ," ಎಂದು ಗುಲಾಬ್ ದಿನವೂ ಊಟದ ಸಾಲಿನಲ್ಲಿ ಚುಚ್ಚುತ್ತಿದ್ದ. ಬಬನ್ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಒಂದು ದಿನ ಹೌಸಾಬಾಯಿ ಸೌಟು ಹಿಡಿದೇ ತಿರುಗಿದರು. "ಗುಲಾಬ್ಯಾ, ಅವತ್ತ ಗಾಡಿ ಎಳಕೊಂಡ ಓಡಿದವ ನೀನ. ಬದುಕಿಸಿದವನ ಬಾಯಾಗ ಈ ಮಾತ ಶೋಭಸೂದಿಲ್ಲ." ಗುಲಾಬ್ ಬೇಗ ಬೇಗ ಉಂಡು ಎದ್ದ. ಮರುದಿನ ಮತ್ತೆ ಚುಚ್ಚಿದ, ಅದು ಬೇರೆ ಮಾತು.

ಫಲಟಣದಲ್ಲಿ, ಅಂದರೆ ದಿನಕ್ಕೆ ಒಂದೇ ಮಾತ್ರೆಗೆ ಇಳಿದ ವಾರದಲ್ಲಿ, ಬಬನ್ ಸೋತರು. ಚಳಿಗೆ ಬೆನ್ನು ಹಿಡಿದು ಎರಡು ರಾತ್ರಿ ಕುಳಿತೇ ಕಳೆದಿದ್ದರು. ಬೆಳಿಗ್ಗೆ ಬಂದು ಇನ್ನೊಂದು ಕೊಡು ಎಂದರು. ಇಲ್ಲ ಎಂದರು ಹೌಸಾಬಾಯಿ.

"ಅರ್ಧ."

"ಇಲ್ಲಪಾ. ನಡಿ, ಡಾಕ್ಟರ್ ಬಾಯಿ ಕಡೆ ಹೋಗೂಣ."

"ನನ್ನ ರೊಕ್ಕದ ಗುಳಿಗಿ, ನನ್ನ ಬೆನ್ನು. ನೀ ಯಾರ ತಡಿಯಾಕ? ನನ್ನ ಹಡದವಳೇನು?"

ಕೂತವರೆಲ್ಲ ತುತ್ತು ನಿಲ್ಲಿಸಿದರು. ಹೌಸಾಬಾಯಿ ಹಲಗೆಯಿಂದ ಡಬ್ಬಿ ತೆಗೆದು ಬಬನ್ ಮುಂದೆ ನೆಲದ ಮೇಲಿಟ್ಟರು. "ಹಡದಿಲ್ಲ. ಠೇವಣಿ ಇಟ್ಟಕೊಂಡೀನಿ. ಇಟ್ಟವರು ಕೇಳಿದ್ರ ಕೊಡಬೇಕಾಗತೈತಿ. ಆದ್ರ ಇಟ್ಟಾವ ಇವತ್ತ ಮಾತಾಡಾಕತ್ತಾನೋ, ಗುಳಿಗಿ ಮಾತಾಡಾಕತ್ತೈತೋ, ನೀನ ಹೇಳ." ಹಾಗೆಂದು ಹಂಚಿನ ಕಡೆ ತಿರುಗಿ ಭಾಕರಿ ತಟ್ಟತೊಡಗಿದರು. ಆ ದಿನದ ಭಾಕರಿ ಒಂದೂ ದುಂಡಗೆ ಬರಲಿಲ್ಲ ಎಂದು ಮುಕಾದಮ ಇವತ್ತಿಗೂ ಹೇಳುತ್ತಾರೆ.

ಬಬನ್ ಡಬ್ಬಿ ತೆರೆಯಲಿಲ್ಲ. ಅದನ್ನು ಎರಡೂ ಕೈಯಿಂದ ಎತ್ತಿ ಹಲಗೆಯ ಮೇಲಿಟ್ಟರು. ಅದೇ ದಿನ ಆಸ್ಪತ್ರೆಗೆ ಹೋದರು. ವೈದ್ಯೆ ಬೆನ್ನಿಗೆ ಬೇರೆ ಉಪಚಾರ ಹೇಳಿದರು: ಶಾಖ, ದಿನವೂ ಗೋಡೆಗೆ ಆತು ಮಾಡುವ ವ್ಯಾಯಾಮ, ಬೆನ್ನಿಗೆ ಬಿಗಿಯುವ ಈ ಅಗಲದ ಪಟ್ಟಿ. ಕತ್ತಲಿರುವಾಗಲೇ ಖಾನಾವಳಿಯ ಗೋಡೆಗೆ ಬೆನ್ನು ಹಚ್ಚಿ ಕೂತೇಳುವ ಬಬನ್‌ರನ್ನು ನೋಡಿ ಈಗ ಇನ್ನೂ ನಾಲ್ಕೈದು ಜನ ಜೊತೆಗೆ ಕೂತೇಳುತ್ತಾರೆ.

"ನೋವು ಹೋಗಿಲ್ಲ," ಎನ್ನುತ್ತಾರೆ ಬಬನ್. "ಮೂಟಿ ಹೊತ್ತವನ ಬೆನ್ನು ನೋಯೂದ. ಆದ್ರ ಈಗ ಹೆಂಡತಿ ಫೋನ್ ಮಾಡಿದ್ರ ನಾಲಿಗಿ ತಡವರಸೂದಿಲ್ಲ. ಮಗಳು ಶಾಲ್ಯಾಗ ಏನ ಕಲತಳು ಅಂತ ಹೇಳಿದ್ದು ಮರುದಿನ ನೆನಪ ಇರತೈತಿ. ಮಾವಶಿ ಕೊಟ್ಟದ್ದು ಅದು. ಹಡದವಳೇನು ಅಂತ ಕೇಳಿದ ಬಾಯಿ ಇದ. ಅದಕ್ಕ ದಿನಾ ತೆರೆದು ತೋರಸತೀನಿ."

ಔಷಧ ಅಂಗಡಿಯಲ್ಲಿ ಮಾತ್ರೆ ಇವತ್ತಿಗೂ ಚೀಟಿಯಿಲ್ಲದೆ ಸಿಗುತ್ತದೆ. ಮುಕಾದಮ ಎರಡು ಸಲ ಹೋಗಿ ಕೈಮುಗಿದು ಬಂದಿದ್ದಾರೆ, ಒಂದು ದೂರನ್ನೂ ಕೊಟ್ಟಿದ್ದಾರೆ. ಅದರ ಫಲ ಇನ್ನೂ ಬಂದಿಲ್ಲ. ಟೋಳಿಯೊಳಗೆ ಮಾತ್ರ ಒಂದು ಕಟ್ಟಳೆಯಾಗಿದೆ: ಬೇರೆ ಎಲ್ಲಕ್ಕೂ ವಾಟಾ ಉಂಟು, ಒಬ್ಬನಿಗೆ ಬರೆದ ಔಷಧಕ್ಕೆ ಇಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ, ಉಳಿದವರು ಏಳುವ ಮುನ್ನ, ಗುಲಾಬ್ ಒಲೆಯ ಬಳಿ ಬಂದು ನಿಂತ. ಏನೋ ಮಿಂಚುವುದನ್ನು ಹಿಟ್ಟಿನ ಪರಾತದ ಪಕ್ಕ ಇಟ್ಟ. ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ.

"ನಂದೂ ಒಂದು ಡಬ್ಬಿ ಮಾಡ ಮಾವಶಿ."

ಹೌಸಾಬಾಯಿ ಪಟ್ಟಿಯನ್ನೂ ಅವನ ಮುಖವನ್ನೂ ನೋಡಿದರು. ಇಷ್ಟು ದಿನದ ಕುಚೋದ್ಯ ಎಲ್ಲಿಂದ ಬರುತ್ತಿತ್ತೆಂದು ಅವರಿಗೆ ಆಗ ಹೊಳೆಯಿತು. "ಡಬ್ಬಿ ಆಮ್ಯಾಲೆ. ಮೊದಲ ಚಹಾ ಕುಡಿ. ಹೊತ್ತ ಏರಿದ ಮ್ಯಾಲೆ ಆಸ್ಪತ್ರಿಗೆ ಹೋಗೂಣ," ಎಂದಷ್ಟೇ ಹೇಳಿದರು. ಗುಲಾಬ್ ಈಗ ಪುಣೆ ದಾಟಿ ಘಾಟ್ ಹತ್ತುತ್ತಿದ್ದಾನೆ. ಅವನ ಪಾಲಿನ ಮೂಟೆಯಲ್ಲಿ ಒಂದಿಷ್ಟನ್ನು ಹೊರುತ್ತೇನೆಂದು ಬಬನ್ ಹಟ ಹಿಡಿದಿದ್ದಾರೆ. ಇನ್ನೂ ಒಂದು ತಿಂಗಳು ಹೊರಕೂಡದು ಎಂದು ವೈದ್ಯೆ ತಡೆದಿದ್ದಾರೆ. ಹಾಗಾಗಿ ಗೋಣಿ ಹೊಲಿಯಲು ಈಗ ಇಬ್ಬರು.

ವಾಖರಿಯ ವಾರ ಕಳೆದು ಬಂದ ಸೋಮವಾರ ಖಾನಾವಳಿಯಲ್ಲಿ ಎಂದಿನಂತೆಯೇ ಹಂಚು ಕಾಯುತ್ತದೆ. ಸಾಲಿನಲ್ಲಿ ಕೂತ ಬಬನ್ ಅಭ್ಯಾಸಬಲದಿಂದ ಅಂಗೈ ಚಾಚುತ್ತಾರೆ. ಹೌಸಾಬಾಯಿ ಅದರ ಮೇಲೆ ಚಹಾದ ಲೋಟ ಇಡುತ್ತಾರೆ. ಬೇರೇನೂ ಇಲ್ಲ.

"ಪಂಢರಪುರ!" ಎಂದು ಗುಲಾಬ್ ಕೂಗುತ್ತಾನೆ. ಕೂಗು ಸ್ವಲ್ಪ ತೊದಲುತ್ತದೆ. ಭಜನೆಯ ತಾಳಗಳಿಲ್ಲದ್ದಕ್ಕೆ ಮುಕಾದಮ ಬರೀ ಕೈ ತಟ್ಟುತ್ತಾರೆ, ಉಳಿದವರೂ ತಟ್ಟುತ್ತಾರೆ. ಬಬನ್ ಲೋಟ ಕೆಳಗಿಟ್ಟು ಅಂಗಿಯ ಜೇಬಿನಿಂದ ಒಂದು ಗೋಟಡಿಕೆ ತೆಗೆದು ಹೌಸಾಬಾಯಿಯ ಕಾಲ ಬಳಿ ಇಟ್ಟು ನಮಸ್ಕರಿಸುತ್ತಾರೆ.

"ನಿನ್ನ ಹಲಗಿ ಮ್ಯಾಲೆ ನನ್ನ ಡಬ್ಬಿ ಬಂದಾಗಿಂದ ನೀ ಅಡಕಿ ಹಾಕಿಲ್ಲ. ನಾ ನೋಡೀನಿ. ಇವತ್ತ ಕತ್ತರಸು."

ಅದು ನಿಜ. ಹನ್ನೆರಡನೆಯ ವಯಸ್ಸಿನಿಂದ ಎಲೆಯಡಿಕೆ ಹಾಕುತ್ತಿದ್ದ ಹೌಸಾಬಾಯಿ ಮೊದಲ ಮಾತ್ರೆ ಕತ್ತರಿಸಿದ ದಿನದಿಂದ ಅದನ್ನು ಮುಟ್ಟಿಲ್ಲ. ಮಾತ್ರೆಯ ಪುಡಿ ಅಡಿಕೆಗೆ ಸೇರಬಾರದೆಂಬುದು ಒಂದು ಕಾರಣ. ಹಾಗಾದರೆ ಇನ್ನೊಂದು ಅಡಕತ್ತರಿ ಕೊಳ್ಳಬಹುದಿತ್ತಲ್ಲ ಎಂದರೆ ಎರಡನೆಯ ಕಾರಣ ಹೊರಬರುತ್ತದೆ. "ನಾ ಬಾಯಿ ತುಂಬ ಎಲಿ ಹಾಕ್ಕೊಂಡು ಕುಂತು 'ನೀ ಬಿಡಪಾ' ಅಂದ್ರ ಅವ ಕೇಳತಾನೇನು? ಅವ ಒಂದು ಬಿಡಾಕತ್ತಾನ, ನಾನೂ ಒಂದು ಬಿಟ್ಟೆ. ಜೋಡಿ ನಡದಂಗ ಆತು."

ಅವರು ಅಡಿಕೆಯನ್ನು ಅಂಗೈಯಲ್ಲಿ ಹೊರಳಿಸಿ ಮೂಸಿ ನೋಡುತ್ತಾರೆ. ಒಳ್ಳೆಯ ಅಡಿಕೆ. ಎಲ್ಲರೂ ಕಾಯುತ್ತಿದ್ದಾರೆ. ಹೌಸಾಬಾಯಿ ತಲೆಯೆತ್ತಿ ಹಲಗೆಯ ಮೇಲಿರುವ ಗುಲಾಬ್‌ನ ಡಬ್ಬಿಯನ್ನು ನೋಡುತ್ತಾರೆ. ಆಮೇಲೆ ಬಬನ್‌ನ ಖಾಲಿ ಡಬ್ಬಿ ಇಳಿಸಿ, ಸೆರಗಿನಿಂದ ಒಳಗೆಲ್ಲ ಒರೆಸಿ, ಅಡಿಕೆಯನ್ನು ಅದರೊಳಗೆ ಹಾಕಿ ಮುಚ್ಚಿ ಮತ್ತೆ ಹಲಗೆಯ ಮೇಲಿಡುತ್ತಾರೆ.

"ಇರಲಿ. ಗುಲಾಬ್ಯಾ ಇನ್ನೂ ಘಾಟ್ ಹತ್ತಾಕತ್ತಾನ. ಅವ ಮುಟ್ಟಲಿ. ಆ ದಿನ ಈ ಅಡಕತ್ತರಿ ತೊಳದು ಇಡೀ ಅಡಕಿ ಕತ್ತರಸತೀನಿ. ಹಲ್ಲ ಉಳದಿದ್ರ ನಾ ತಿಂತೀನಿ, ಇಲ್ಲಾಂದ್ರ ನೀವ ಹಂಚ್ಕೋರಿ. ಅದಕ್ಕ ವಾಟಾ ಐತಿ."

ಹಾಗೆಂದು ಗುಲಾಬ್‌ನ ಡಬ್ಬಿ ಇಳಿಸಿ, ಚಂಚಿಯಿಂದ ಅಡಕತ್ತರಿ ತೆಗೆಯುತ್ತಾರೆ.